ಭುಜದ ಆಪರೇಷನ್ ಆಗಿದೆ, ನೋವೂ ಇಲ್ಲ. ಮತ್ತೆ ಆಡಬಹುದಾ?

ಪ್ರಶ್ನೆ: ನನಗೆ 21 ವರ್ಷ, ಮಂಡ್ಯ ಕಡೆಯವನು. ಕಾಲೇಜು ಕಬಡ್ಡಿ ತಂಡದಲ್ಲಿ ರೈಡರ್. ಬಲ ಭುಜ ಮೂರು ಸಲ ಜಾರಿತ್ತು. ನಾಲ್ಕು ತಿಂಗಳ ಹಿಂದೆ ಕೀಹೋಲ್‌ನಲ್ಲಿ (ಪುಟ್ಟ ತೂತುಗಳ ಮೂಲಕ) ಬ್ಯಾಂಕಾರ್ಟ್ ಆಪರೇಷನ್ ಆಯ್ತು. ಈಗ ನೋವಿಲ್ಲ, ಕೈ ಪೂರ್ತಿ ಮೇಲೆ ಹೋಗುತ್ತೆ. ಮುಂದಿನ ತಿಂಗಳು ಟೂರ್ನಿ ಇದೆ. 'ಬೋನಸ್ (ಎದುರಾಳಿ ಅಂಗಳದ ಬೋನಸ್ ಗೆರೆ ದಾಟಿದರೆ ಸಿಗುವ ಅಂಕ) ಮಾತ್ರ ತಗೊಂಡು ಬಾ, ಸಾಕು' ಅಂತಿದ್ದಾರೆ ಕೋಚ್. ಆಡಬಹುದಾ ಸರ್? ಜಿಮ್‌ಗೆ ಹೋಗಬಹುದಾ?

ಉತ್ತರ: ಮುಂದಿನ ತಿಂಗಳ ಟೂರ್ನಿ ಬೇಡ. ನಿಮಗೆ ಬೇಜಾರಾಗುತ್ತೆ, ಗೊತ್ತು. ಕಾರಣ ಹೇಳ್ತೀನಿ ಕೇಳಿ.

ಭುಜದ ಕೀಲಿನಲ್ಲಿ ಗುಂಡು ದೊಡ್ಡದು, ಅದು ಕೂರುವ ಕುಳಿ ಚಿಕ್ಕದು, ಆಳವೂ ಇಲ್ಲ. ಕುಳಿಯ ಸುತ್ತ ಲೇಬ್ರಮ್ ಅನ್ನೋ ಮೆತ್ತನೆಯ ಅಂಚು ಇರುತ್ತೆ. ಭುಜ ಮುಂದಕ್ಕೆ ಜಾರಿದಾಗ ಆ ಅಂಚು ಮೂಳೆಯಿಂದ ಕಿತ್ತುಬರುತ್ತೆ. ನಿಮ್ಮ ಡಾಕ್ಟರು ಪುಟ್ಟ ಆ್ಯಂಕರ್‌ಗಳನ್ನು (ದಾರ ಇರುವ ಮೊಳೆಯಂಥವು) ಮೂಳೆಗೆ ಕೂರಿಸಿ, ಅದರ ದಾರದಿಂದ ಅಂಚನ್ನು ಮತ್ತೆ ಬಿಗಿದಿದ್ದಾರೆ, ಬ್ಯಾಂಕಾರ್ಟ್ ಆಪರೇಷನ್ ಅಂದರೆ ಇದೇ. ಆದರೆ ದಾರದ ಕೆಲಸ ತಾತ್ಕಾಲಿಕ. ಅಂಚು ತಾನಾಗಿ ಮೂಳೆಗೆ ಅಂಟಿಕೊಂಡು ಗಟ್ಟಿಯಾಗಬೇಕು, ಅದಕ್ಕೆ ತಿಂಗಳುಗಳೇ ಬೇಕು. ನೋವು ಮಾತ್ರ ಅದಕ್ಕಿಂತ ಎಷ್ಟೋ ಮೊದಲೇ ಹೋಗಿಬಿಡುತ್ತೆ. ಹಾಗಾಗಿ ನೋವಿಲ್ಲ ಅನ್ನೋದನ್ನು ವಾಸಿಯಾಗಿದೆ ಅಂತ ಓದಿಕೊಳ್ಳಬೇಡಿ.

ಇನ್ನು ಆ ಬೋನಸ್ ಮಾತು. ಬೋನಸ್ ಗೆರೆ ದಾಟೋಕೆ ಕಾಲು ಸಾಕು, ಕೈ ಬೇಡ, ಅದು ನಿಜ. ಆದರೆ ಮುಂದೆ ನಿಂತಿರೋ ಡಿಫೆಂಡರ್‌ಗೆ ನಿಮ್ಮ ಭುಜದ ಕಥೆ ಗೊತ್ತಿಲ್ಲ ಅಲ್ವಾ? ಆ್ಯಂಕಲ್ ಹೋಲ್ಡ್ ಬಿತ್ತು, ಅಂದರೆ ನಿಮ್ಮ ಪಾದದ ಕೀಲನ್ನು ಹಿಡಿದುಬಿಟ್ಟರು ಅಂದ್ಕೊಳ್ಳಿ. ನೀವು ಯೋಚನೆ ಮಾಡೋದೇ ಇಲ್ಲ, ಕೈ ತಾನಾಗಿ ಮಧ್ಯದ ಗೆರೆ ಕಡೆ ಚಾಚುತ್ತೆ, ಹಿಂದಿನಿಂದ ಮೂರು ಜನ ಮೇಲೆ ಬಿದ್ದು ಎಳೀತಾರೆ, ಚಾಚಿದ ಕೈ ತಲೆ ಪಕ್ಕಕ್ಕೆ ಹೋಗಿ ಹಿಂದಕ್ಕೆ ತಿರುಗುತ್ತೆ. ಭುಜ ಜಾರೋದು ಹೆಚ್ಚಾಗಿ ಇದೇ ಭಂಗಿಯಲ್ಲಿ. ನಿಮ್ಮ ವಯಸ್ಸಿನ ಹುಡುಗರಲ್ಲಿ, ಅದರಲ್ಲೂ ಮೈಗೆ ಮೈ ತಾಗುವ ಆಟಗಳಲ್ಲಿ, ಆಪರೇಷನ್ ಆದ ಮೇಲೂ ಮತ್ತೆ ಜಾರುವ ಸಾಧ್ಯತೆ ಬೇರೆಯವರಿಗಿಂತ ಜಾಸ್ತಿ. ಪ್ರತಿ ಸಲ ಜಾರಿದಾಗಲೂ ಕುಳಿಯ ಮೂಳೆ ಒಂದಿಷ್ಟು ಸವೆಯಬಹುದು. ಜಾಸ್ತಿ ಸವೆದರೆ ಬರೀ ಅಂಚು ಹೊಲಿದರೆ ಸಾಲದು, ಬೇರೆ ಕಡೆಯ ಮೂಳೆ ತುಂಡು ತಂದು ಕೂರಿಸುವ ದೊಡ್ಡ ಆಪರೇಷನ್ ಆಗುತ್ತೆ. ಒಂದು ಟೂರ್ನಿಗಾಗಿ ಅಷ್ಟು ದೂರ ಹೋಗಬೇಕಾ?

ಕಬಡ್ಡಿಗೆ ಕನಿಷ್ಠ 6 ತಿಂಗಳು ಬೇಕು. ಅದೂ ಬರೀ ಕ್ಯಾಲೆಂಡರ್ ನೋಡಿ ಅಲ್ಲ, ಪರೀಕ್ಷೆ ಪಾಸಾಗಿ. ಎರಡೂ ಕೈಯ ಬಲ ಅಳೆಸಿಕೊಳ್ಳಿ. ಕೈಯನ್ನು ಒಳಗೆ, ಹೊರಗೆ ತಿರುಗಿಸುವ ಬಲ ಇನ್ನೊಂದು ಕೈಯ ಶೇ 90ರಷ್ಟಾದರೂ ಇರಬೇಕು. ಇನ್ನೊಂದು ಪರೀಕ್ಷೆ ನೆಲದ ಮೇಲೆ. 3 ಅಡಿ ಅಂತರದಲ್ಲಿ ಎರಡು ಟೇಪ್ ಅಂಟಿಸಿ, ಎರಡರ ಮೇಲೂ ಒಂದೊಂದು ಕೈ ಊರಿ, ಪುಷ್-ಅಪ್ ಭಂಗಿಯಲ್ಲೇ ಒಂದು ಕೈಯಿಂದ ಇನ್ನೊಂದನ್ನು ಮುಟ್ಟಿ ವಾಪಸ್ ಇಡೋದು, ಆಮೇಲೆ ಇನ್ನೊಂದು ಕೈ. 15 ಸೆಕೆಂಡಿನಲ್ಲಿ 21 ಸಲವಾದರೂ ಮುಟ್ಟಬೇಕು ಅನ್ನೋದು ಸಾಮಾನ್ಯ ಲೆಕ್ಕ. ಇದನ್ನು ಮನೆಯಲ್ಲಿ ಒಬ್ಬರೇ ಮಾಡಿ ನೋಡಬೇಡಿ, ಫಿಸಿಯೋ ಎದುರಿಗೇ ಮಾಡಿ. ಕೊನೆಯದು ಭಯ. ಮಲಗಿಸಿ ಕೈಯನ್ನು ಪಕ್ಕಕ್ಕೆತ್ತಿ ಹಿಂದಕ್ಕೆ ತಿರುಗಿಸಿದಾಗ 'ಅಯ್ಯೋ ಜಾರುತ್ತೆ' ಅನ್ನಿಸಿದರೆ ಮುಚ್ಚಿಡಬೇಡಿ. ಭಯ ಇಟ್ಟುಕೊಂಡು ಮ್ಯಾಟ್‌ಗೆ ಇಳಿದವರು ಅರೆಮನಸ್ಸಿನಿಂದ ಆಡ್ತಾರೆ, ಬೀಳುವಾಗ ಕೈ ತಪ್ಪಾಗಿ ಊರ್ತಾರೆ.

ಜಿಮ್‌ಗೆ ಹೋಗಬಹುದು, ಸುಮ್ನೆ ಕೂರಬೇಡಿ. ಓಟ, ಸ್ಕ್ವಾಟ್, ಹೊಟ್ಟೆ-ಬೆನ್ನಿನ ವ್ಯಾಯಾಮ ಎಲ್ಲಾ ಮಾಡಿ, ರೈಡರ್‌ಗೆ ಬಲ ಬರೋದೇ ಕಾಲು ಸೊಂಟದಿಂದ. ಭುಜಕ್ಕೆ ಮೊದಲು ರಬ್ಬರ್ ಬ್ಯಾಂಡ್. ಕಂಕುಳಲ್ಲಿ ಟವೆಲ್ ಸುರುಳಿ ಇಟ್ಟು, ಮೊಣಕೈ ಮಡಚಿ, ನಿಧಾನವಾಗಿ ಹೊರಗೆ ತಿರುಗಿಸಿ. ಪುಷ್-ಅಪ್ ಮೊದಲು ಗೋಡೆಗೆ, ಆಮೇಲೆ ಮೇಜಿಗೆ, ಕೊನೆಗೆ ನೆಲಕ್ಕೆ. ಬೆಂಚ್ ಪ್ರೆಸ್‌ಗೆ ನಿಮ್ಮ ಡಾಕ್ಟರು ಒಪ್ಪಿದರೆ ಕಡಿಮೆ ತೂಕದಿಂದ ಶುರು ಮಾಡಿ, ಮೊಣಕೈ ಎದೆಯ ಮಟ್ಟಕ್ಕಿಂತ ಕೆಳಗೆ ಇಳಿಯದ ಹಾಗೆ ನೋಡಿಕೊಳ್ಳಿ. ಡಿಪ್ಸ್ (ಎರಡು ಕಂಬಿ ಹಿಡಿದು ಮೈಯನ್ನು ಇಳಿಸಿ ಎತ್ತೋದು) ಮತ್ತು ಕತ್ತಿನ ಹಿಂದಕ್ಕೆ ಎಳೆಯುವ ಪುಲ್‌ಡೌನ್ ಬೇಡವೇ ಬೇಡ. ಯಾರೋ ಹೇಳಿದರು ಅಂತ ಎಣ್ಣೆ ಹಚ್ಚಿ ಕೈ ಎಳೆಸಿಕೊಳ್ಳೋಕೆ ಮಾತ್ರ ಹೋಗಬೇಡಿ, ದಯವಿಟ್ಟು.

ಈ ಕಾಗದ ನಿಮ್ಮ ಕೋಚ್‌ಗೂ ತೋರಿಸಿ. ಅವರಿಗೂ ಇಡೀ ಸೀಸನ್ ಆಡುವ ರೈಡರ್ ಬೇಕು.

ಪ್ರಶ್ನೆ: ನಾನು ದಾವಣಗೆರೆಯ ಗೃಹಿಣಿ, ವಯಸ್ಸು 52, ಶುಗರ್ ಇದೆ. ಭುಜದ ರೊಟೇಟರ್ ಕಫ್ (ಭುಜದ ಕೀಲನ್ನು ಸುತ್ತಿ ಹಿಡಿದಿರೋ ಸ್ನಾಯುರಜ್ಜುಗಳು) ಹರಿದಿತ್ತು, ಹೊಲಿಗೆ ಹಾಕಿ ಮೂರು ತಿಂಗಳಾಯ್ತು. ಬೆಳಗ್ಗೆ ಗೆಳತಿಯರ ಜೊತೆ ಶಟಲ್ ಆಡ್ತಿದ್ದೆ. ಮತ್ತೆ ಶುರು ಮಾಡಲಾ?

ಉತ್ತರ: ಈಗಲೇ ಬೇಡ ಅಮ್ಮ. ಹೊಲಿದ ಸ್ನಾಯುರಜ್ಜು ಮೂಳೆಗೆ ಕೂಡಿಕೊಳ್ಳೋಕೇ ಸುಮಾರು ಮೂರು ತಿಂಗಳು ಹಿಡಿಯುತ್ತೆ, ಬಲ ತುಂಬುವ ವ್ಯಾಯಾಮ ಶುರುವಾಗೋದೇ ಈ ಹೊತ್ತಿಗೆ. ಆರು ತಿಂಗಳ ಹತ್ತಿರಕ್ಕೆ, ಡಾಕ್ಟರು ಒಪ್ಪಿದ ಮೇಲೆ, ನೆಟ್ ಹತ್ತಿರ ನಿಂತು ಕೆಳಗಿಂದ ಹೊಡೆಯುವ ಆಟ ಆಡಿ. ಸ್ಮ್ಯಾಶ್ ಎಲ್ಲಕ್ಕಿಂತ ಕೊನೆಗೆ. ಹರಿದ ಭಾಗ ದೊಡ್ಡದಿದ್ದರೆ ಇನ್ನೂ ತಡವಾಗಬಹುದು. ಶುಗರ್ ಇರುವವರಿಗೆ ಭುಜ ಬಿಗಿಯೋದು ಜಾಸ್ತಿ, ಹಾಗಾಗಿ ಶುಗರ್ ಹತೋಟಿಯಲ್ಲಿರಲಿ, ದಿನದ ವ್ಯಾಯಾಮ ತಪ್ಪಿಸಬೇಡಿ. ತುಂಬಿದ ಬಿಂದಿಗೆ ಎತ್ತೋದು, ಅಟ್ಟದ ಮೇಲಿನ ಡಬ್ಬ ಇಳಿಸೋದು ಸದ್ಯಕ್ಕೆ ಮನೆಯವರಿಗೆ ಬಿಡಿ.

ಕನ್ನಡಿ ಮುಂದೆ ನಿಂತು ಎರಡೂ ಕೈ ಪಕ್ಕದಿಂದ ಎತ್ತಿ ನೋಡಿ. ಆಪರೇಷನ್ ಆದ ಕಡೆ ಹೆಗಲು ಕಿವಿ ಕಡೆ ಏರಿಬಂದರೆ ಸ್ನಾಯುವಿಗೆ ಇನ್ನೂ ಬಲ ಸಾಲದು ಅಂತ ಅರ್ಥ. ಹಾಗಿದ್ದರೆ ರ‍್ಯಾಕೆಟ್ ಹಿಡಿಯೋ ಮುಂಚೆ ಫಿಸಿಯೋಗೆ ಒಮ್ಮೆ ತೋರಿಸಿ.