ಕ್ಲೈಮ್ಯಾಕ್ಸ್ ಬಚ್ಚಿಡಬೇಡಿ

ಓದುಗರ ಪತ್ರ: "ನಾನು ದಾವಣಗೆರೆಯವನು. ಒಂದು ಸಿನಿಮಾ ಕಥೆ ಮಾಡಿಕೊಂಡಿದ್ದೇನೆ. ಮುಂದಿನ ತಿಂಗಳು ಬೆಂಗಳೂರಿನಲ್ಲಿ ಒಬ್ಬ ನಿರ್ಮಾಪಕರು ಕಥೆ ಕೇಳಲು ಒಪ್ಪಿದ್ದಾರೆ. ಒನ್‌ಲೈನ್ ಹೇಳಿ ನಿಲ್ಲಿಸಲೇ, ಇಂಟರ್ವಲ್‌ವರೆಗೆ ಹೇಳಲೇ? ಪೂರ್ತಿ ಹೇಳಿದರೆ ಕದಿಯುತ್ತಾರೆ ಅಂತ ಗೆಳೆಯರು ಹೆದರಿಸುತ್ತಿದ್ದಾರೆ. ಕಥೆ ಏನೆಂದು ನಿಮಗೂ ಬರೆದಿಲ್ಲ, ತಪ್ಪು ತಿಳಿಯಬೇಡಿ."

ಸಂಪಾದಕರ ಉತ್ತರ:

ತಪ್ಪು ತಿಳಿದಿಲ್ಲ. ಆದರೆ ಸ್ವಲ್ಪ ಬೇಸರವಾಯಿತು. ನಿಮ್ಮ ಪತ್ರದಲ್ಲಿ ಕಳ್ಳರ ಭಯ ಇರುವಷ್ಟು ಕಥೆಯ ಮೇಲಿನ ಪ್ರೀತಿ ಕಾಣಲಿಲ್ಲ. ಬರೆದು ಮುಗಿಸಿದ್ದೀರಾ ಇಲ್ಲವಾ ಅನ್ನುವುದನ್ನೂ ನೀವು ಹೇಳಿಲ್ಲ. ನನಗೆ ಅದೇ ಮುಖ್ಯ ಪ್ರಶ್ನೆ.

ಕದಿಯುವವರು ಇದ್ದಾರೆ, ಒಪ್ಪಿದೆ. ಕಥೆ ಕೇಳಿ, "ನೋಡೋಣ" ಎಂದು ಕಳಿಸಿ, ವರ್ಷ ಕಳೆದ ಮೇಲೆ ಅದೇ ಎಳೆಯ ಮುಹೂರ್ತ ಮಾಡಿದವರ ಸುದ್ದಿ ಗಾಂಧಿನಗರದಲ್ಲಿ ಆಗಾಗ ಕೇಳುತ್ತದೆ. ನಿಮ್ಮ ಗೆಳೆಯರು ಸುಮ್ನೆ ಹೆದರಿಸುತ್ತಿಲ್ಲ. ಆದರೂ ನಾನು ಹೇಳುವುದು ಇಷ್ಟೇ: ಮೊದಲು ಪೂರ್ತಿ ಬರೆಯಿರಿ. ಆಮೇಲೆ ಪೂರ್ತಿ ಹೇಳಿ, ಕ್ಲೈಮ್ಯಾಕ್ಸ್ ಸಮೇತ.

ಯಾಕೆ ಅಂತೀರಾ? ಒಂದು ಹಳೆಯ ಮೊಕದ್ದಮೆ ಕೇಳಿ. ದೆಹಲಿಯ ಆರ್. ಜಿ. ಆನಂದ್ 1953ರಲ್ಲಿ 'ಹಮ್ ಹಿಂದೂಸ್ತಾನಿ' ಎಂಬ ನಾಟಕ ಬರೆದರು. ಪಂಜಾಬಿ ಕುಟುಂಬ, ಮದ್ರಾಸಿ ಕುಟುಂಬ, ಮಕ್ಕಳ ನಡುವೆ ಪ್ರೀತಿ, ಹಿರಿಯರ ವಿರೋಧ. ನಾಟಕ ಹೆಸರು ಮಾಡಿತು. 1955ರಲ್ಲಿ ನಿರ್ದೇಶಕ ಮೋಹನ್ ಸೆಹಗಲ್ ದೆಹಲಿಗೆ ಬಂದಾಗ ಆನಂದ್ ಇಡೀ ನಾಟಕವನ್ನು ಅವರಿಗೆ ಹೇಳಿದರು. ಮರುವರ್ಷ ಸೆಹಗಲ್ ಅವರ 'ನ್ಯೂ ಡೆಲ್ಲಿ' ಸಿನಿಮಾ ಬಂತು. ಅದರಲ್ಲೂ ಪಂಜಾಬಿ, ಮದ್ರಾಸಿ, ಪ್ರೀತಿ, ವಿರೋಧ. ಆನಂದ್ ಕೋರ್ಟಿಗೆ ಹೋದರು. ಕೆಳಗಿನ ಕೋರ್ಟಿನಲ್ಲಿ ಸೋತರು, ಹೈಕೋರ್ಟಿನಲ್ಲಿ ಸೋತರು, 1978ರಲ್ಲಿ ಸುಪ್ರೀಂ ಕೋರ್ಟಿನಲ್ಲೂ ಸೋತರು. ವಸ್ತುವಿಗೆ, ಎಳೆಗೆ, ಐಡಿಯಾಕ್ಕೆ ಕಾಪಿರೈಟ್ ಇಲ್ಲ. ಅದನ್ನು ಕಟ್ಟಿದ ರೀತಿಗೆ ಮಾತ್ರ ಇದೆ ಎಂದಿತು ಕೋರ್ಟ್. ಸಿನಿಮಾದಲ್ಲಿ ವರದಕ್ಷಿಣೆಯಂಥ ಬೇರೆ ವಿಷಯಗಳೂ ಇದ್ದವು, ಕಥೆ ನಡೆದ ದಾರಿಯೂ ಬೇರೆಯಾಗಿತ್ತು.

ನಿಮ್ಮ ಗೆಳೆಯರು ಇದನ್ನು ಕೇಳಿದರೆ "ನೋಡಿದ್ಯಾ, ಪೂರ್ತಿ ಹೇಳಿ ಕೆಟ್ಟ" ಎನ್ನಬಹುದು. ನನಗೆ ಕಾಣುವುದು ಬೇರೆ. ಒನ್‌ಲೈನ್ ಎಷ್ಟೇ ಚೆನ್ನಾಗಿದ್ದರೂ ಕಾನೂನಿನ ಕಣ್ಣಲ್ಲಿ ಅದು ಯಾರದ್ದೂ ಅಲ್ಲ. ನೀವು ಧೈರ್ಯವಾಗಿ ಹೇಳಬಹುದು ಅಂದುಕೊಂಡ ಆ ಒಂದು ಸಾಲೇ ಯಾರು ಬೇಕಾದರೂ ಎತ್ತಿಕೊಳ್ಳಬಹುದಾದದ್ದು. ನೀವು ಬಚ್ಚಿಡಲು ಹೊರಟಿರುವ ಪಾತ್ರ, ತಿರುವು, ದೃಶ್ಯಗಳ ಜೋಡಣೆ, ಕೊನೆ ಇವೆಯಲ್ಲ, ನಿಮ್ಮ ಹಕ್ಕು ಇರುವುದು ಅಲ್ಲಿ. ವಿವರ ಜಾಸ್ತಿ ಆದಷ್ಟೂ ಕಥೆ ನಿಮ್ಮದಾಗುತ್ತದೆ.

2003ರಲ್ಲಿ ಬಾಂಬೆ ಹೈಕೋರ್ಟ್ ಇನ್ನೊಂದು ತೀರ್ಪು ಕೊಟ್ಟಿತು. ಬಾಲಕ ಕೃಷ್ಣನ ಕುರಿತ ಧಾರಾವಾಹಿಯೊಂದರ ವಿವರವಾದ ಕಾನ್ಸೆಪ್ಟ್ ನೋಟನ್ನು, ಅಂದರೆ ಕಥೆಯ ರೂಪರೇಖೆಯನ್ನು, ಸನ್‌ಡಯಲ್ ಎಂಬ ಸಂಸ್ಥೆ ಝೀ ಟೀವಿಯವರಿಗೆ ಕೊಟ್ಟಿತ್ತು. ಆಮೇಲೆ ಝೀ ಅದೇ ಬಗೆಯ ಧಾರಾವಾಹಿ ಮಾಡಹೊರಟಾಗ ಕೋರ್ಟ್ ತಡೆಯಿತು. ನಂಬಿ ಕೊಟ್ಟ ವಿಷಯವನ್ನು ಹಾಗೆ ಬಳಸಿಕೊಳ್ಳುವಂತಿಲ್ಲ ಎಂದಿತು. ಗೆದ್ದವರ ಕೈಯಲ್ಲಿ ಬರೆದ ಕಾಗದ ಇತ್ತು ಅನ್ನುವುದನ್ನು ಗಮನಿಸಿ.

ಕರಾವಳಿಯ ತಾಳಮದ್ದಳೆ, ಅಂದರೆ ವೇಷ ಕುಣಿತ ಇಲ್ಲದೆ ಕೂತು ಮಾತಿನಲ್ಲೇ ಆಡುವ ಯಕ್ಷಗಾನ, ಕೇಳಿದ್ದೀರಾ? ಗದಾಯುದ್ಧದಲ್ಲಿ ಕೌರವ ಬೀಳುತ್ತಾನೆ ಅಂತ ಸಭೆಯಲ್ಲಿರುವ ಮಗುವಿಗೂ ಗೊತ್ತು. ಆದರೂ ಜನ ರಾತ್ರಿಯಿಡೀ ಕೂರುತ್ತಾರೆ. ಇವತ್ತಿನ ಅರ್ಥಧಾರಿ, ಅಂದರೆ ಪಾತ್ರದ ಮಾತಾಡುವ ಕಲಾವಿದ, ಕೌರವನ ಬಾಯಲ್ಲಿ ಏನು ಆಡಿಸುತ್ತಾನೆ ಎಂದು ಕೇಳಲು ಬಂದವರು ಅವರು. ಹೀಗೆ ಕಥೆ ಕೇಳುವ ನಾಡಿನಲ್ಲಿ ಹುಟ್ಟಿ, ಕೊನೆ ತಿಳಿದರೆ ಕಥೆಯೇ ಹೋಯಿತು ಎಂದು ಹೆದರುವುದು ನನಗಂತೂ ಅರ್ಥವಾಗುವುದಿಲ್ಲ.

ನನ್ನ ಪರಿಚಯದ ಲೇಖಕರೊಬ್ಬರು ಹೀಗೇ ಇಂಟರ್ವಲ್‌ಗೆ ನಿಲ್ಲಿಸಿದರು. "ಮುಂದಿನದು ಅಡ್ವಾನ್ಸ್ ಕೊಟ್ಟ ಮೇಲೆ" ಎಂದರು. "ಕೊನೆ ಗೊತ್ತಿಲ್ಲದ ಕಥೆಗೆ ದುಡ್ಡು ಹೇಗೆ ಹಾಕಲಿ?" ಎಂದು ನಿರ್ಮಾಪಕರು ಎದ್ದರು. ಆ ಮಾತಿನಲ್ಲಿ ನ್ಯಾಯ ಇದೆ, ಅಲ್ವಾ? ಆ ಕಥೆ ಇವತ್ತಿಗೂ ಸಿನಿಮಾ ಆಗಿಲ್ಲ.

ಹೊರಡುವ ಮೊದಲು ಚಿತ್ರಕಥೆ ಮುಗಿಸಿ, ತಾರೀಖು ಹಾಕಿ. ಬರೆದ ಕೂಡಲೇ ಕಾಪಿರೈಟ್ ನಿಮ್ಮದು. ನೋಂದಣಿ ಕಡ್ಡಾಯವಲ್ಲ, ಆದರೆ ಸಾಕ್ಷಿಗೆ ಒದಗುತ್ತದೆ. ದೆಹಲಿಯ ಕಾಪಿರೈಟ್ ಕಚೇರಿಗೆ ಆನ್‌ಲೈನ್‌ನಲ್ಲೇ ಅರ್ಜಿ ಹಾಕಬಹುದು. ಮುಂಬೈನ ಸ್ಕ್ರೀನ್‌ರೈಟರ್ಸ್ ಅಸೋಸಿಯೇಷನ್ ತನ್ನ ಸದಸ್ಯರ ಸ್ಕ್ರಿಪ್ಟ್ ನೋಂದಾಯಿಸಿಕೊಳ್ಳುತ್ತದೆ. ಕಥೆ ಹೇಳಿ ಬಂದ ಸಂಜೆಯೇ "ಇವತ್ತು ನಿಮಗೆ ಹೇಳಿದ ಕಥೆಯ ಸಾರಾಂಶ" ಎಂದು ನಾಲ್ಕು ಪುಟ ಮೇಲ್ ಮಾಡಿ. ಮೊದಲ ಭೇಟಿಗೇ ಗೋಪ್ಯತೆಯ ಕರಾರಿಗೆ ಸಹಿ ಕೇಳಬೇಡಿ. ಹೊಸಬರಿಗೆ ಅದನ್ನು ಕೊಡುವವರು ಕಡಿಮೆ.

ನನ್ನ ಸಿಟ್ಟು ಇರುವುದು ಬೇರೆ ಕಡೆ. ನಮ್ಮಲ್ಲಿ ಚಿತ್ರಕಥೆ ಓದುವವರು ಯಾರು? ಪೂರ್ತಿ ಬರೆದು ಹೊಲಿದ ಬೌಂಡ್ ಸ್ಕ್ರಿಪ್ಟ್ ಕೊಟ್ಟರೆ "ಓದೋಕೆ ಟೈಮಿಲ್ಲ, ಬಾಯಲ್ಲಿ ಹೇಳಿ" ಅನ್ನುತ್ತಾರೆ. ಹೇಳುವಾಗ ಫೋನ್ ಬರುತ್ತದೆ, ಪಕ್ಕದಲ್ಲಿ ಕೂತವರು ಸಲಹೆ ಕೊಡುತ್ತಾರೆ. ಆಮೇಲೆ ತಿಂಗಳುಗಟ್ಟಲೆ ಕಥೆ ಚರ್ಚೆ, ಅದಕ್ಕೆ ಕಾಫಿ ತಿಂಡಿಯೇ ಸಂಬಳ. ಬಿಡುಗಡೆಯ ದಿನ ಪೋಸ್ಟರ್‌ನಲ್ಲಿ ಕಥೆಗಾರನ ಹೆಸರು ಹುಡುಕಬೇಕು. ಹಕ್ಕು ಬರೆದುಕೊಡುವುದಾದರೆ ಲಿಖಿತವಾಗಿ ಸಹಿ ಮಾಡಿಯೇ ಕೊಡಬೇಕು ಎನ್ನುತ್ತದೆ ಕಾಪಿರೈಟ್ ಕಾಯ್ದೆ. ಅಷ್ಟಿದ್ದರೂ ಸಹಿಯ ಮಾತೆತ್ತಿದ ಬರಹಗಾರನನ್ನು "ನಂಬಿಕೆ ಇಲ್ಲದವನು" ಅನ್ನುತ್ತಾರೆ. ಕಥೆಗೆ ಕಾಸು ಬಿಚ್ಚದೆ, ಕಥೆಯೇ ಇಲ್ಲ ಎಂದು ವೇದಿಕೆಗಳಲ್ಲಿ ಗೋಳಾಡುವುದು ಯಾವ ನ್ಯಾಯ?

ಮೊದಲ ಸಲ ಪೂರ್ತಿ ಕಥೆ ಹೇಳಿ, ಮನಸ್ಸು ಬಿಚ್ಚಿ ಹೇಳಿ. ಇಷ್ಟವಾಗಿ ಎರಡನೇ ಸಲ ಚರ್ಚೆಗೆ ಕರೆದರೆ, ಕೂರುವ ಮೊದಲೇ ಅಡ್ವಾನ್ಸ್ ಮತ್ತು ಕರಾರಿನ ಮಾತಾಡಿ. ಸಂಕೋಚ ಬೇಡ.

— ಸಂ.