ಪೊಲೀಸರು ಗಾಡಿ ನಿಲ್ಲಿಸಿದಾಗ

ತಮ್ಮಾ, ಅಮೆರಿಕದ ಮಿನಿಯಾಪೊಲಿಸ್‌ಗೆ ಬಂದು ಇನ್ನೂ ತಿಂಗಳಾಗಿಲ್ಲ, ಬೇಸಿಗೆಗೆ ಅಪ್ಪ ಬೇರೆ ಬರ್ತಾರೆ, ಇಲ್ಲಿನ ಪೊಲೀಸರಿಗೆ ಹೆದರಬೇಕಾ ಅಕ್ಕಾ ಅಂತ ಕೇಳಿದ್ದೀಯ.

ಮೊದಲು ಒಂದು ಅಭ್ಯಾಸ ಬಿಡು. ಊರಲ್ಲಿ ಪೊಲೀಸರು ಕೈ ಅಡ್ಡ ಹಾಕಿದರೆ ನಾವು ಇಳಿದು ಅವರ ಹತ್ತಿರ ಹೋಗ್ತೀವಿ. ಇಲ್ಲಿ ಇಳಿಯಬೇಡ. ಎರಡೂ ಕೈ ಸ್ಟೀರಿಂಗ್ ಮೇಲೆ ಕಾಣೋ ಹಾಗಿರಲಿ. ಲೈಸೆನ್ಸ್ ಕೇಳಿದರೆ ಎಲ್ಲಿದೆ ಅಂತ ಹೇಳಿ, ಆಮೇಲೆ ನಿಧಾನಕ್ಕೆ ತೆಗಿ.

ಇಷ್ಟು ಮಾಡಿದರೆ ಸಾಕಾ? ಸಾಕು ಅಂತ ಹೇಳೋಕೆ ನನಗೆ ಮನಸ್ಸು ಒಪ್ಪಲ್ಲ. 2016ರ ಜುಲೈ 6ರಂದು ಇಲ್ಲೇ ಪಕ್ಕದ ಫಾಲ್ಕನ್ ಹೈಟ್ಸ್‌ನಲ್ಲಿ ಫಿಲ್ಯಾಂಡೊ ಕ್ಯಾಸ್ಟೀಲ್ ಅನ್ನೋ ಕಪ್ಪು ಜನಾಂಗದವನ ಕಾರನ್ನು ಪೊಲೀಸರು ನಿಲ್ಲಿಸಿದರು. ಶಾಲೆಯ ಊಟದ ಮನೆ ನೋಡಿಕೊಳ್ತಿದ್ದ ಮನುಷ್ಯ. ಪರವಾನಗಿ ಇದ್ದ ಬಂದೂಕು ತನ್ನ ಹತ್ತಿರ ಇದೆ ಅಂತ ತಾನೇ ಮರ್ಯಾದೆಯಿಂದ ಹೇಳಿದ. ಕೆಲವೇ ಸೆಕೆಂಡಿನಲ್ಲಿ ಪೊಲೀಸ್ ಅಧಿಕಾರಿ 7 ಗುಂಡು ಹಾರಿಸಿ ಅವನನ್ನು ಕೊಂದ. ಹಿಂದಿನ ಸೀಟಲ್ಲಿ 4 ವರ್ಷದ ಮಗು ಕೂತಿತ್ತು. ಮರುವರ್ಷ ಜ್ಯೂರಿ, ಅಂದರೆ ಕೋರ್ಟಲ್ಲಿ ತೀರ್ಪು ಕೊಡೋ ಸಾಮಾನ್ಯ ಜನರ ಗುಂಪು, ಆ ಅಧಿಕಾರಿಯದು ತಪ್ಪಿಲ್ಲ ಅಂತ ಬಿಟ್ಟುಬಿಟ್ಟಿತು.

ಹೇಗೆ ಅಂತೀಯಾ? ಆ ಸ್ಥಳದಲ್ಲಿ ವಿವೇಚನೆ ಇರೋ ಪೊಲೀಸಿನವನೊಬ್ಬ ಇದ್ದಿದ್ದರೆ ಅವನ ಕಣ್ಣಿಂದಲೇ ಘಟನೆಯನ್ನು ನೋಡಬೇಕು ಅಂತ 1989ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿದೆ. ಹಾಗಾಗಿ ಸತ್ತವನು ತಪ್ಪು ಮಾಡಿದ್ದನಾ ಅನ್ನೋದು ಹಿಂದೆ ಸರಿದು, ಕೊಂದವನ ಭಯಕ್ಕೆ ಅರ್ಥ ಇತ್ತಾ ಅನ್ನೋದೇ ದೊಡ್ಡದಾಗುತ್ತೆ. ನನಗೆ ಇದು ನ್ಯಾಯ ಅನ್ನಿಸಲ್ಲ.

ನಮ್ಮವರಲ್ಲಿ ಕೆಲವರು 'ಅದು ಕರಿಯರ ವಿಷಯ, ನಮಗ್ಯಾಕೆ' ಅಂತಾರೆ. ಆ ಮಾತು ಕೇಳಿದರೆ ನನಗೆ ಮೈ ಉರಿಯುತ್ತೆ. 2015ರಲ್ಲಿ ಅಲಬಾಮಾದ ಮ್ಯಾಡಿಸನ್‌ನಲ್ಲಿ ಗುಜರಾತಿನ ಸುರೇಶ್‌ಭಾಯಿ ಪಟೇಲ್, 57 ವರ್ಷ, ಮೊಮ್ಮಗನನ್ನು ನೋಡಿಕೊಳ್ಳೋಕೆ ಬಂದವರು, ಮನೆ ಮುಂದಿನ ರಸ್ತೆಯಲ್ಲಿ ವಾಕಿಂಗ್ ಹೋಗ್ತಿದ್ದರು. ಯಾರೋ ಕಪ್ಪು ಮನುಷ್ಯ ಓಡಾಡ್ತಿದ್ದಾನೆ ಅಂತ ನೆರೆಯವರು ಪೊಲೀಸರಿಗೆ ಫೋನ್ ಮಾಡಿದರು. 'ನೋ ಇಂಗ್ಲಿಷ್' ಅಂದವರನ್ನು ಅಧಿಕಾರಿ ನೆಲಕ್ಕೆ ಬಡಿದ, ಕೈಕಾಲು ಸ್ವಾಧೀನ ಭಾಗಶಃ ತಪ್ಪಿತು. ಎರಡು ಸಲ ಜ್ಯೂರಿ ಒಮ್ಮತಕ್ಕೆ ಬರಲಿಲ್ಲ, ಕೊನೆಗೆ ನ್ಯಾಯಾಧೀಶರೇ ಆ ಅಧಿಕಾರಿಯನ್ನು ಖುಲಾಸೆ ಮಾಡಿದರು. ನಿಮ್ಮಪ್ಪನೂ ಬೆಳಗ್ಗೆ ಎದ್ದು ವಾಕಿಂಗ್ ಹೋಗೋರೇ ತಾನೇ? ವಿಳಾಸ, ನಿನ್ನ ನಂಬರು ಬರೆದ ಚೀಟಿ ಅವರ ಜೇಬಲ್ಲಿರಲಿ. ಪೊಲೀಸರು ಕಂಡರೆ ಜೇಬಿಗೆ ಕೈ ಹಾಕಬೇಡಿ ಅಂತಲೂ ಹೇಳು.

2020ರಲ್ಲಿ ಇದೇ ಊರಲ್ಲಿ ಜಾರ್ಜ್ ಫ್ಲಾಯ್ಡ್ ಅನ್ನೋ ಕಪ್ಪು ಜನಾಂಗದವನ ಕುತ್ತಿಗೆ ಮೇಲೆ ಪೊಲೀಸಿನವನೊಬ್ಬ ಮಂಡಿ ಊರಿ ಕೊಂದಾಗ, ಪೊಲೀಸರ ಮೊದಲ ಹೇಳಿಕೆಯಲ್ಲಿ ಆ ಮಂಡಿಯ ಸುದ್ದಿಯೇ ಇರಲಿಲ್ಲ. ಆರೋಗ್ಯ ಕೆಟ್ಟು ಸತ್ತ ಅನ್ನೋ ಥರ ಇತ್ತು. 17ರ ಹುಡುಗಿಯೊಬ್ಬಳು ಮೊಬೈಲ್ ಹಿಡಿದು ಅಲ್ಲಾಡದೆ ನಿಂತಿದ್ದಕ್ಕೆ 9 ನಿಮಿಷಕ್ಕೂ ಹೆಚ್ಚು ಹೊತ್ತು ನಡೆದದ್ದು ಜಗತ್ತಿಗೆ ಗೊತ್ತಾಯ್ತು, ಮಂಡಿ ಊರಿದ್ದ ಡೆರೆಕ್ ಶಾವಿನ್‌ಗೆ ಇಪ್ಪತ್ತೆರಡೂವರೆ ವರ್ಷ ಶಿಕ್ಷೆ ಆಯ್ತು. ಆ ಹುಡುಗಿ ಅವತ್ತು ಅಲ್ಲಿನ ಅಂಗಡಿಗೆ ಬರದೇ ಇದ್ದಿದ್ದರೆ? ಅದಕ್ಕೇ ಹೇಳೋದು, ಪೊಲೀಸರ ತನಿಖೆ ಪೊಲೀಸರ ಕೈಲಿರಬಾರದು, ಕ್ಯಾಮೆರಾದಲ್ಲಿ ಸಿಕ್ಕಿದ್ದು ಬೇಗ ಹೊರಗೆ ಬರಬೇಕು. 2020ರಲ್ಲೇ ನಮ್ಮ ಮಿನ್ನೆಸೋಟ ರಾಜ್ಯ ಕುತ್ತಿಗೆ ಅದುಮೋದನ್ನು ಬಹುಮಟ್ಟಿಗೆ ನಿಷೇಧಿಸಿತು. ಜೊತೆಯವನು ಮಿತಿ ಮೀರಿದರೆ ತಡೆಯೋದು ಪೊಲೀಸರ ಕರ್ತವ್ಯ ಅಂತಲೂ ಮಾಡಿತು. ಜನ ಬೀದಿಗೆ ಇಳಿದದ್ದಕ್ಕೇ ಆಗಿದ್ದು ಅದು.

ಅಪ್ಪ ಬಂದ ಮೇಲೆ ಹೇಳು. 38ನೇ ಬೀದಿ, ಶಿಕಾಗೊ ಅವೆನ್ಯೂ ಸೇರೋ, ಫ್ಲಾಯ್ಡ್‌ನ ಕುತ್ತಿಗೆ ಅದುಮಿದ ಆ ಮೂಲೆಗೆ ನಿಮ್ಮಿಬ್ಬರನ್ನೂ ನಾನೇ ಕರ್ಕೊಂಡು ಹೋಗ್ತೀನಿ.