ವಾರ್ಡ್‌ನಲ್ಲಿ ಮಾನಿಟರ್ ನೋಡಿಕೊಂಡೇ ರೋಗಿಯ ಜೊತೆ ಮಾತಾಡೋಕೆ ಆಗುತ್ತದಾ?

ಕೊನೆಯ ವರ್ಷದ ನರ್ಸಿಂಗ್ ಓದುತ್ತಿದ್ದೀರಿ, ಡ್ಯೂಟಿಯೆಲ್ಲ ಮಾನಿಟರ್ ಮತ್ತು ಕಂಪ್ಯೂಟರ್ ಎಂಟ್ರಿಯಲ್ಲೇ ಹೋಗುತ್ತದೆ, ರೋಗಿಗೆ ಟೈಮ್ ಎಲ್ಲಿಂದ ತರಲಿ ಅಂತ ಕೇಳಿದ್ದೀರಿ. ನಾನು ರಾಯಚೂರಿನಲ್ಲಿ ಐಸಿಯು ಸ್ಟಾಫ್ ನರ್ಸ್. ಬೇರೆ ಟೈಮ್ ಅಂತ ಸಿಗುವುದೇ ಇಲ್ಲ. ಮಾಡುವ ಕೆಲಸದೊಳಗೇ ಹುಡುಕಬೇಕು.

ಒಂದು ಬೇಸಿಗೆಯಲ್ಲಿ ಮಾನ್ವಿ ಕಡೆಯ ಅಜ್ಜಿಯೊಬ್ಬರಿದ್ದರು. ಹೊರಗೆ ಬೆಂಕಿಯಂಥ ಬಿಸಿಲು, ಒಳಗೆ ಎಸಿ. ಅಲಾರಾಂ ಹೊಡೆಯಿತು, ರಕ್ತದ ಆಕ್ಸಿಜನ್ ಶೇಕಡಾ 84. ನಮ್ಮ ಜೂನಿಯರ್ ಕಣ್ಣು ಸ್ಕ್ರೀನ್ ಮೇಲೇ. ಅಜ್ಜಿಗೆ ಏದುಸಿರಿಲ್ಲ, ತುಟಿ ನೀಲಿಯಾಗಿಲ್ಲ. ಕೈ ಮುಟ್ಟಿದರೆ ಮಾತ್ರ ಐಸ್! ಬೆರಳು ತಣ್ಣಗಿದ್ದರೆ ಅದಕ್ಕೆ ಸಿಕ್ಕಿಸಿದ ಪ್ರೋಬ್ (ಆಕ್ಸಿಜನ್ ಅಳೆಯುವ ಕ್ಲಿಪ್) ತಪ್ಪು ತೋರಿಸುತ್ತದೆ, ಗೊತ್ತಲ್ವಾ. ಕೈಯನ್ನು ನನ್ನ ಎರಡೂ ಅಂಗೈಯಲ್ಲಿಟ್ಟು ಬೆಚ್ಚಗೆ ಮಾಡಿ, ಕ್ಲಿಪ್ಪನ್ನು ಬೇರೆ ಬೆರಳಿಗೆ ಹಾಕಿದೆ. 96. (ನಿಜವಾಗಿ ಉಸಿರಿಗೆ ಒದ್ದಾಡುತ್ತಿದ್ದರೆ ಮಾತು ಬೇರೆ, ಆಗ ಮೊದಲು ಆಕ್ಸಿಜನ್.)

ಕೈ ಹಿಡಿದಿದ್ದಕ್ಕೋ ಏನೋ, ಅಜ್ಜಿ ಮೆಲ್ಲಗೆ ಕೇಳಿದರು: "ಯವ್ವಾ, ಅಲುಗಾಡಿದ್ರ ಈ ವೈರ್ ಕರೆಂಟ್ ಹೊಡಿತೈತೇನು?"

ರಾತ್ರಿಯಿಂದ ಆ ಹೆದರಿಕೆಗೆ ಕಟ್ಟಿಗೆ ಹಾಗೆ ಮಲಗಿದ್ದರಂತೆ. ಮಗ್ಗುಲು ಹೊರಳಿಸುವಾಗಲೂ ಮೈ ಬಿಗಿ ಹಿಡಿದು, ಮತ್ತೆ ಅಂಗಾತ ಆಗುತ್ತಿದ್ದರು. ಸೊಂಟದ ಕೆಳಗೆ ನೋಡಿದರೆ ಚರ್ಮ ಕೆಂಪು, ಒತ್ತಿದರೂ ಬೆಳ್ಳಗಾಗುತ್ತಿರಲಿಲ್ಲ. ಬೆಡ್‌ಸೋರ್, ಅಂದರೆ ಮಲಗಿದಲ್ಲೇ ಮಲಗಿ ಆಗುವ ಹುಣ್ಣು, ಶುರುವಾಗಿತ್ತು. ಅದಕ್ಕೆ ಯಾವ ಮಾನಿಟರ್‌ನಲ್ಲೂ ಅಲಾರಾಂ ಇಲ್ಲ.

ಹಾಗಂತ ಮಷಿನ್ ಬೈಯುವವಳಲ್ಲ ನಾನು. ಔಷಧಿ ನಿಧಾನಕ್ಕೆ ಬಿಡುವ ಸಿರಿಂಜ್ ಪಂಪ್ ತಾಸಿಗೆ 2 ಎಂಎಲ್ ಅಂದರೆ 2 ಎಂಎಲ್ಲೇ ಬಿಡುತ್ತದೆ, ನನ್ನ ಕೈಯಿಂದ ಅದು ಆಗುವ ಮಾತಲ್ಲ.

ನಿಮಗೆ ಒಂದು ಉಪಾಯ. ಉಸಿರಾಟವನ್ನು ಪೂರ್ತಿ 1 ನಿಮಿಷ ಕಣ್ಣಲ್ಲೇ ಎಣಿಸಿ. ಎಣಿಸುತ್ತಿದ್ದಾರೆ ಅಂತ ಗೊತ್ತಾದರೆ ರೋಗಿಯ ಉಸಿರೇ ಬದಲಾಗುತ್ತದೆ, ಹಾಗಾಗಿ ನಾಡಿ ಹಿಡಿದವರಂತೆ ಮಣಿಕಟ್ಟು ಹಿಡಿದುಕೊಂಡೇ ಎಣಿಸಬೇಕು. ಮುಗಿದ ಮೇಲೂ ಕೈ ತಕ್ಷಣ ಬಿಡಬೇಡಿ, ಸುಮ್ನೆ "ರಾತ್ರಿ ನಿದ್ದಿ ಬಂತಾ" ಅನ್ನಿ. ಎಂಟ್ರಿ ಮಾಡುವಾಗಲೂ ಬಿಪಿ ಎಷ್ಟಿದೆ ಅಂತ ಅವರಿಗೇ ಜೋರಾಗಿ ಹೇಳಿ ಬರೆಯಿರಿ. ಅಲಾರಾಂ ಆದರೆ ಮೊದಲು ಮುಖ ನೋಡಿ, ಆಮೇಲೆ ಬಟನ್ ಒತ್ತಿ.

ಒಬ್ಬರೇ ಹತ್ತಾರು ಬೆಡ್ ನೋಡುವ ಪಾಳಿಯಲ್ಲಿ ಇದೂ ಆಗಲ್ಲ. ಅದು ನಿಮ್ಮ ತಪ್ಪಲ್ಲ, ಜನ ಕಮ್ಮಿ ಅಷ್ಟೇ.

ಇನ್ನೊಂದು, ನಮ್ಮ ಕಡೆ ಕೆಲಸಕ್ಕೆ ಬಂದರೆ ತೆಲುಗಿನ "ನೊಪ್ಪಿ ಉಂದಾ", ಉರ್ದು-ಹಿಂದಿಯ "ದರ್ದ್ ಹೈ ಕ್ಯಾ" ಎರಡೂ ಕಲಿತು ಬನ್ನಿ. ನೋವು ಇದೆಯಾ ಅಂತ ಕನ್ನಡದಲ್ಲಷ್ಟೇ ಕೇಳಿದರೆ ಕೆಲವರು ಸುಮ್ನೆ ತಲೆಯಾಡಿಸಿಬಿಡುತ್ತಾರೆ.